ಧಾತುಗಳ ಜಾಡು ಹಿಡಿದು ನಿಧಿ ಹುಡುಕಾಟ

ಪ್ರಶ್ನೆ: ನಾನು ಹಳ್ಳಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಧಾತುಗಳ ಮೇಲೆ ನಿಧಿ ಹುಡುಕುವ ಆಟ ಆಡಿಸಬೇಕೆಂದಿದ್ದೇನೆ. ‘ನನ್ನ ಸಂಕೇತ ಎಫ್‌ಇ, ನಾನ್ಯಾರು?’ ಅಂತ ಕೇಳಿದರೆ ಮಕ್ಕಳು ಗೋಡೆಯ ಚಾರ್ಟ್ ನೋಡಿ ಹೇಳಿಬಿಡುತ್ತಾರೆ. ಸುಳಿವು ಹೇಗಿರಬೇಕು?
– ಒಬ್ಬ ಓದುಗ, ತಿಪಟೂರು ತಾಲ್ಲೂಕು

ಉತ್ತರ: ಮೇಷ್ಟ್ರೇ, ಸಂಕೇತ ಗಿಂಕೇತ ಎಲ್ಲ ಬಿಟ್ಟುಬಿಡಿ. ಧಾತು ಕಂಡುಹಿಡಿದವರ ತಲೆ ಕೆಡಿಸಿದ್ದು ಏನೋ, ಅದನ್ನೇ ಮಕ್ಕಳ ಕೈಗೆ ಕೊಡಿ. ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವಾಗ ನಾನು ಆಡಿಸುತ್ತಿದ್ದ ಆಟ ಹೇಳುತ್ತೇನೆ. ಪ್ರತಿ ಉತ್ತರದ ಪರಮಾಣು ಸಂಖ್ಯೆಯನ್ನು ಮಕ್ಕಳು ಬರೆದಿಟ್ಟುಕೊಳ್ಳಬೇಕು.

ಮೊದಲ ಚೀಟಿ ಸುಲಭ ಇರಲಿ, ಹುರುಪು ಬರಬೇಕಲ್ವಾ? ‘1669, ಜರ್ಮನಿಯ ಹ್ಯಾಂಬರ್ಗ್. ಚಿನ್ನದ ಆಸೆಗೆ ಹೆನ್ನಿಗ್ ಬ್ರಾಂಡ್ ರಾಶಿ ಮೂತ್ರ ಕಾಯಿಸಿದ. ಬಂದಿದ್ದು ಕತ್ತಲಲ್ಲಿ ಹೊಳೆಯುವ ವಸ್ತು.’ ರಂಜಕ, 15.

ಎರಡನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಚೀಟಿಯಲ್ಲಿ ಎರಡು ಅಂಕಿ ಬರೆಯಿರಿ: 1.2572 ಮತ್ತು 1.2505. ಕೆಳಗೆ, ‘ಮೊದಲನೆಯದು ಗಾಳಿಯಿಂದ ತೆಗೆದ ಒಂದು ಲೀಟರ್ ಸಾರಜನಕದ ತೂಕ, ಗ್ರಾಂಗಳಲ್ಲಿ. ಇನ್ನೊಂದು ರಾಸಾಯನಿಕಗಳಿಂದ ತಯಾರಿಸಿದ್ದರದು. ಒಂದೇ ಅನಿಲ, ತೂಕ ಯಾಕೆ ಬೇರೆ?’ ವ್ಯತ್ಯಾಸ ಬರೀ ಅರ್ಧ ಪರ್ಸೆಂಟ್. ತಕ್ಕಡಿಯ ತಪ್ಪು ಅಂತ ಯಾರಾದರೂ ಸುಮ್ಮನಾಗಬಹುದಿತ್ತು. ಈ ತೂಕ ನೋಡಿದ್ದ ಇಂಗ್ಲೆಂಡಿನ ವಿಜ್ಞಾನಿ ರೇಲಿ ಸುಮ್ಮನಾಗಲಿಲ್ಲ. ಜೊತೆಗೂಡಿದ ರಾಮ್ಸೆ, ಗಾಳಿಯ ಸಾರಜನಕವನ್ನು ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದರು. ಮೆಗ್ನೀಸಿಯಂ ಸಾರಜನಕವನ್ನು ಹೀರಿಕೊಂಡಿತು. ಕೊನೆಗೆ ಯಾವುದರ ಜೊತೆಗೂ ಸೇರದ ಒಂಚೂರು ಅನಿಲ ಉಳಿಯಿತು. 1894ರಲ್ಲಿ ಹೀಗೆ ಸಿಕ್ಕಿದ್ದೇ ಆರ್ಗಾನ್, 18. ನಾವು ಉಸಿರಾಡುವ ಗಾಳಿಯಲ್ಲಿ ಅದು ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಇದೆ! ಇಲ್ಲಿ ಮಕ್ಕಳಿಗೆ ಜಾಸ್ತಿ ಸಮಯ ಕೊಡಿ. ‘ಗಾಳಿಯಲ್ಲಿ ಇನ್ನೇನೋ ಇದೆ ಸಾರ್’ ಅಂತ ಅವರೇ ಹೇಳಬೇಕು. ದಯವಿಟ್ಟು ನೀವು ಬಾಯಿಬಿಡಬೇಡಿ.

ಮೂರನೆಯದಕ್ಕೆ ನಮ್ಮ ಜಮಖಂಡಿಯ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಜಾನ್ ಹರ್ಷೆಲ್ ಅಲ್ಲಿ ದೂರದರ್ಶಕ ಹೂಡಿದ್ದರು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿದ್ದರು. ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ಪ್ರತಿ ಧಾತುವೂ ತನ್ನದೇ ಜಾಗದಲ್ಲಿ ಗೆರೆಗಳನ್ನು ತೋರಿಸುತ್ತದೆ. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಹೀಗೆ ಕಂಡ ಒಂದು ಗೆರೆ ಸೋಡಿಯಂನದು ಅನ್ನಿಸಿತ್ತು. ಆಮೇಲೆ ಸರಿಯಾಗಿ ಅಳೆದರೆ ಅದರ ಜಾಗವೇ ಸ್ವಲ್ಪ ಆಚೆ! ‘ಭೂಮಿಗಿಂತ ಮೊದಲು ಸೂರ್ಯನಲ್ಲಿ ಸಿಕ್ಕಿದ್ದು ಯಾವುದು?’ ಹೀಲಿಯಂ, 2. ಭೂಮಿಯಲ್ಲಿ ಅದನ್ನು ಯುರೇನಿಯಂ ಖನಿಜದಿಂದ 1895ರಲ್ಲಿ ಹೊರತೆಗೆದವರೂ ಅದೇ ರಾಮ್ಸೆ.

ಈಗ ಮೂರೂ ಸಂಖ್ಯೆ ಕೂಡಿಸಲು ಹೇಳಿ. 35 ಬರುತ್ತದೆ, ಅಂದರೆ ಬ್ರೋಮಿನ್. ಫ್ರಾನ್ಸಿನ ಬಲಾರ್ 1826ರಲ್ಲಿ ಅದನ್ನು ಕಂಡಿದ್ದು ಸಮುದ್ರದ ನೀರಿನಿಂದ ಉಪ್ಪು ತೆಗೆದ ಮೇಲೆ ಉಳಿಯುವ ಕಹಿ ನೀರಿನಲ್ಲಿ. ಹಾಗಾಗಿ ನಿಧಿಯನ್ನು ಬಿಸಿಯೂಟದ ಅಡುಗೆಮನೆಯಲ್ಲಿ, ಉಪ್ಪಿನ ಡಬ್ಬದ ಹಿಂದೆ ಇಡಿ. ಅಡುಗೆಯವರಿಗೆ ಮೊದಲೇ ಹೇಳಿರಿ. ಒಲೆ ಆರಿಸಿದ ಮೇಲೆಯೇ ಮಕ್ಕಳನ್ನು ಒಳಗೆ ಬಿಡಿ.