ಕಮಲ ಎಂದು ಒತ್ತಿದರೆ ಕಚನ ಬರುತ್ತಿದೆ!

ಪ್ರಶ್ನೆ: ಮೇಡಂ, ನಾನು ನಿವೃತ್ತ ಮೇಷ್ಟ್ರು. ಹಳೆಯ ನೆನಪುಗಳನ್ನು ಬರೆದಿಡೋಣ ಎಂದು ಮಗಳ ಲ್ಯಾಪ್‌ಟಾಪ್ ತೆಗೆದುಕೊಂಡೆ. ಕೀಗಳ ಮೇಲೆ ಇಂಗ್ಲಿಷ್ ಮಾತ್ರ ಇತ್ತು. ಕನ್ನಡ ಅಕ್ಷರಗಳ ಸ್ಟಿಕ್ಕರ್ ತರಿಸಿ, ಒಂದಿಡೀ ಸಂಜೆ ಕೂತು ಅಂಟಿಸಿದೆ. ಮಗಳು ನುಡಿ ತಂತ್ರಾಂಶ ಹಾಕಿಕೊಟ್ಟಿದ್ದಾಳೆ. ಮೊದಲು ಹೆಂಡತಿಯ ಹೆಸರನ್ನೇ ಬರೆಯೋಣ ಎಂದು ಕ, ಮ, ಲ ಒತ್ತಿದರೆ ಪರದೆಯ ಮೇಲೆ 'ಕಚನ' ಎಂದು ಬಂತು. ಸ್ಟಿಕ್ಕರ್ ತಪ್ಪೋ, ಲ್ಯಾಪ್‌ಟಾಪ್ ಕೆಟ್ಟಿದೆಯೋ? ಹೆಂಡತಿ ಇನ್ನೂ ನಗುತ್ತಿದ್ದಾಳೆ.

ಉತ್ತರ: ಮೇಷ್ಟ್ರೇ, ಎರಡೂ ಸರಿಯಾಗಿವೆ. ಒಂದಕ್ಕೊಂದು ಪರಿಚಯ ಇಲ್ಲ, ಅಷ್ಟೇ.

ಕೀ ಒತ್ತಿದಾಗ ಕೀಬೋರ್ಡ್ ಕಂಪ್ಯೂಟರಿಗೆ ಅಕ್ಷರ ಕಳಿಸುವುದಿಲ್ಲ, ಒಂದು ನಂಬರ್ ಕಳಿಸುತ್ತದೆ. ಯುಎಸ್‌ಬಿ ಕೀಬೋರ್ಡಿನಲ್ಲಿ ಇಂಗ್ಲಿಷಿನ ಎ ಕೀಗೆ 4, ಸಿ ಕೀಗೆ 6, ಕೆ ಕೀಗೆ 14. ಆರನೇ ನಂಬರಿಗೆ ಯಾವ ಅಕ್ಷರ ಮೂಡಬೇಕು ಎನ್ನುವುದು ಒಳಗಿನ ತಂತ್ರಾಂಶದ ತೀರ್ಮಾನ. ನೀವು ಕೀ ಮೇಲೆ ಏನು ಅಂಟಿಸಿದ್ದೀರಿ ಎಂದು ಅದಕ್ಕೆ ಗೊತ್ತೇ ಆಗುವುದಿಲ್ಲ. ಆನೆಯ ಚಿತ್ರ ಅಂಟಿಸಿದರೂ ಅಷ್ಟೇ.

ನಿಮ್ಮ ಪತ್ರದಲ್ಲಿ ಒಂದು ಸುಳಿವು ಇತ್ತು. ಕ ಸರಿಯಾಗಿ ಬಂತು, ಮ ಮತ್ತು ಲ ಕೈಕೊಟ್ಟವು. ನೀವು ಅಂಟಿಸಿದ್ದು ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸದ, ಅಂದರೆ ಯಾವ ಕೀಗೆ ಯಾವ ಅಕ್ಷರ ಎನ್ನುವ ಜೋಡಣೆಯ ಸ್ಟಿಕ್ಕರ್. ಅದರಲ್ಲಿ ಮ ಇರುವುದು ಸಿ ಕೀ ಮೇಲೆ, ಲ ಇರುವುದು ಎನ್ ಕೀ ಮೇಲೆ. ನುಡಿಯಲ್ಲಿರುವುದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕಗಪ ಎಂದೂ ಕರೆಯುತ್ತಾರೆ. ಅದು ಇಂಗ್ಲಿಷ್ ಉಚ್ಚಾರಣೆಯ ಜಾಡು ಹಿಡಿದು ಹೋಗುತ್ತದೆ. ಅಲ್ಲಿ ಸಿ ಎಂದರೆ ಚ, ಎನ್ ಎಂದರೆ ನ. ಕ ಮಾತ್ರ ಎರಡರಲ್ಲೂ ಕೆ ಕೀ ಮೇಲೇ ಕೂತಿದೆ. ಹಾಗಾಗಿ ಮೊದಲ ಅಕ್ಷರ ಸರಿಯಾಗಿ ಬಂದು ನಿಮ್ಮನ್ನು ನಂಬಿಸಿಬಿಟ್ಟಿತು. ಕಚನ ಹುಟ್ಟಿದ್ದು ಹೀಗೆ. ಇದನ್ನು ಕಮಲಮ್ಮನವರಿಗೂ ಓದಿ ಹೇಳಿ.

ಈಗ ಸ್ಟಿಕ್ಕರ್ ಕೀಳಬೇಕಾ? ಬೇಡ. ಬರೀ ಒಳಗಿನ ವಿನ್ಯಾಸ ಬದಲಿಸಿ. ವಿಂಡೋಸ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆ ಎಂಬ ಕಡೆ ಹೋಗಿ ಕನ್ನಡ ಭಾಷೆ ಸೇರಿಸಿ. ಅದರ ಕೀಬೋರ್ಡ್ ಪಟ್ಟಿಯಲ್ಲಿ ಎರಡು ಹೆಸರು ಸಿಗುತ್ತವೆ. ಬರೀ 'ಕನ್ನಡ' ಎಂದಿರುವುದೇ ಇನ್‌ಸ್ಕ್ರಿಪ್ಟ್. 'ಕನ್ನಡ ಫೋನೆಟಿಕ್' ಬೇರೆ. ಅದನ್ನು ಮುಟ್ಟಬೇಡಿ, ಇನ್ನೊಂದು ಕಚನ ಆದೀತು. ನುಡಿಯನ್ನು ಮುಚ್ಚಿ, ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬರುತ್ತೀರಿ. ಮತ್ತೆ ಒತ್ತಿದರೆ ವಾಪಸ್.

ಇನ್ನೂ ಸ್ಟಿಕ್ಕರ್ ಕೊಳ್ಳದವರು ಇಲ್ಲಿ ಸ್ವಲ್ಪ ನಿಲ್ಲಿ. ಮೊದಲು ವಿನ್ಯಾಸ ಆರಿಸಿಕೊಳ್ಳಿ, ಆಮೇಲೆ ಸ್ಟಿಕ್ಕರ್. 'ಅಮ್ಮ' ಬರೆದು ನೋಡಿದರೆ ಮೂರರ ಸ್ವಭಾವವೂ ತಿಳಿಯುತ್ತದೆ. ಕಗಪದಲ್ಲಿ ಎ, ಎಂ, ಎಫ್, ಎಂ. ನಡುವಿನ ಎಫ್ ಒತ್ತಕ್ಷರ ತರುವ ಕೀ. ಇನ್‌ಸ್ಕ್ರಿಪ್ಟ್‌ನಲ್ಲಿ ಶಿಫ್ಟ್ ಹಿಡಿದು ಡಿ, ಆಮೇಲೆ ಸಿ, ಡಿ, ಸಿ. ಇಲ್ಲಿ ಆ ಕೆಲಸ ಡಿ ಕೀಯದು. ಫೋನೆಟಿಕ್‌ನಲ್ಲಿ ಇಂಗ್ಲಿಷಿನಲ್ಲಿ ಅಮ್ಮ ಎಂದು ಬರೆದ ಹಾಗೇ ಎ, ಎಂ, ಎಂ, ಎ. ಫೋನೆಟಿಕ್ ಬಳಸುವವರಿಗೆ ಸ್ಟಿಕ್ಕರಿನ ಹಂಗೇ ಇಲ್ಲ. ಕಗಪದವರಿಗೂ ಅರ್ಧ ಅಕ್ಷರ ತಾನಾಗಿ ಹೊಳೆಯುತ್ತದೆ. ಟ (ಕ್ಯೂ), ಡ (ಡಬ್ಲ್ಯು), ಷ (ಎಕ್ಸ್) ಇಂಥ ನಾಲ್ಕಾರು ಮಾತ್ರ ನೆನಪಿಟ್ಟುಕೊಳ್ಳಬೇಕು. ಅವಕ್ಕಷ್ಟೇ ಸ್ಟಿಕ್ಕರ್ ಸಾಕು.

ಇನ್‌ಸ್ಕ್ರಿಪ್ಟ್‌ಗೆ ಇಂಗ್ಲಿಷಿನ ನಂಟೇ ಇಲ್ಲ. ಆದರೆ ಅದಕ್ಕೊಂದು ಅಂದ ಇದೆ. ಸ್ವರಗಳೆಲ್ಲ ಎಡಗೈಗೆ. ವ್ಯಂಜನಗಳು ಹೆಚ್ಚುಕಮ್ಮಿ ಎಲ್ಲ ಬಲಗೈಗೆ. ಕಾಗುಣಿತ ಬರೆಯುವಾಗ ಬಲ, ಎಡ, ಬಲ, ಎಡ ಎಂದು ಕೈಗಳು ತಾಳ ಹಾಕಿದ ಹಾಗೆ ಓಡುತ್ತವೆ. ಕ ಒತ್ತುವ ಕೀಗೆ ಶಿಫ್ಟ್ ಸೇರಿಸಿದರೆ ಖ, ಗ ಕೀಗೆ ಸೇರಿಸಿದರೆ ಘ. ವರ್ಗಾಕ್ಷರ ಕಲಿಸಿದ ಮೇಷ್ಟ್ರಿಗೆ ಇದು ತಿಂಗಳೊಪ್ಪತ್ತಿನಲ್ಲಿ ಕೈಗೆ ಹತ್ತುತ್ತದೆ. ನಾನು ಮಾತ್ರ ಇಪ್ಪತ್ತು ವರ್ಷದಿಂದ ಕಗಪದವಳು. ನನ್ನ ಬೆರಳು ಇನ್ನು ಬದಲಾಗುವ ಹಾಗಿಲ್ಲ. ಆದರೂ ಉದ್ದುದ್ದ ಬರೆಯುವವರಿಗೆ ಇನ್‌ಸ್ಕ್ರಿಪ್ಟನ್ನೇ ಹೇಳುತ್ತೇನೆ. ಅದಕ್ಕೆ ಸ್ಟಿಕ್ಕರ್ ಬೇಕು, ಅದೂ ಪೂರ್ತಿ ಸೆಟ್. ಡ, ಟ, ಚ, ಯ ಎಲ್ಲ ಬ್ರಾಕೆಟ್, ಕೊಟೇಶನ್, ಸೆಮಿಕೋಲನ್, ಸ್ಲ್ಯಾಶ್ ಗುರುತುಗಳ ಕೀ ಮೇಲೆ ಅಡಗಿವೆ.

ಅಂಟಿಸುವ ಬಗ್ಗೆ. ಕೀಬೋರ್ಡಿನ ಜಿಡ್ಡು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇರುತ್ತದೆ. ಯಂತ್ರ ಆಫ್ ಮಾಡಿ, ಬಟ್ಟೆಗೆ ಚೂರು ಸ್ಪಿರಿಟ್ ಹಾಕಿಕೊಂಡು ಒರೆಸಿ, ಪೂರ್ತಿ ಒಣಗಲು ಬಿಡಿ. ಕೀಬೋರ್ಡಿನ ಮೇಲೆ ನೇರವಾಗಿ ಸುರಿಯಬೇಡಿ. ಬೆರಳಲ್ಲಿ ಹಿಡಿದರೆ ಸ್ಟಿಕ್ಕರ್ ಬೆರಳಿಗೇ ಅಂಟುತ್ತದೆ, ಚಿಮಟ ಬಳಸಿ. ಕೊಳ್ಳುವ ಮುಂಚೆ ಕೀಯ ಮೇಲ್ಭಾಗವನ್ನು ಅಳೆಯಿರಿ. ಕೀಯಿಂದ ಕೀಗೆ ಸಾಮಾನ್ಯವಾಗಿ 19 ಮಿಲಿಮೀಟರ್ ದೂರ ಇದ್ದರೂ ಬೆರಳು ಕೂರುವ ಜಾಗ ಅದಕ್ಕಿಂತ ಚಿಕ್ಕದು. ಅಂಚು ಹೊರಗೆ ಚಾಚಿದರೆ ವಾರದಲ್ಲಿ ಕಿತ್ತು ಬರುತ್ತದೆ.

ನಾನು ಮೊದಲ ಸಲ ಅಂಟಿಸಿದಾಗ ಮಾಡಿದ ಎಡವಟ್ಟು ಹೇಳಿಬಿಡುತ್ತೇನೆ. ಎಫ್ ಮತ್ತು ಜೆ ಕೀಗಳ ಮೇಲೆ ಒಂದು ಸಣ್ಣ ಉಬ್ಬು ಗೆರೆ ಇರುತ್ತದಲ್ಲ, ಅದು ನೋಡದೆಯೇ ತೋರುಬೆರಳುಗಳಿಗೆ ಜಾಗ ತೋರಿಸಲು. ನಾನು ದಪ್ಪ ಸ್ಟಿಕ್ಕರ್ ಹಾಕಿ ಅದನ್ನೇ ಮುಚ್ಚಿಬಿಟ್ಟೆ. ಕೈ ಒಂದು ಕೀ ಆಚೆ ಸರಿದಿದ್ದು ಗೊತ್ತಾಗಲೇ ಇಲ್ಲ. ತಲೆ ಎತ್ತಿ ನೋಡಿದರೆ ಅರ್ಧ ಪುಟ ಯಾವುದೋ ಲೋಕದ ಭಾಷೆ! ಆ ಎರಡು ಸ್ಟಿಕ್ಕರುಗಳನ್ನು ಉಬ್ಬು ಬಿಟ್ಟು ಕತ್ತರಿಸಿ ಅಂಟಿಸಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ಕೀಗಳ ಒಳಗಿಂದ ಬೆಳಕು ಬರುತ್ತದೆ. ಸ್ಟಿಕ್ಕರ್ ಹಾಕಿದರೆ ಬೆಳಕು ಹೋಗುತ್ತಾ?

ಉತ್ತರ: ಕಪ್ಪು ಹಿನ್ನೆಲೆಯ ಸ್ಟಿಕ್ಕರ್ ಆದರೆ ಹೋಗುತ್ತದೆ. ಪಾರದರ್ಶಕ ಸ್ಟಿಕ್ಕರ್ ತೆಗೆದುಕೊಳ್ಳಿ. ಇಂಗ್ಲಿಷ್ ಅಕ್ಷರವೂ ಕಾಣುತ್ತದೆ, ಪಕ್ಕದ ಮೂಲೆಯಲ್ಲಿ ಕನ್ನಡವೂ ಕಾಣುತ್ತದೆ. ಕತ್ತಲಲ್ಲಿ ಕನ್ನಡ ಅಕ್ಷರ ಮಾತ್ರ ಹೊಳೆಯುವುದಿಲ್ಲ. ಸ್ಟಿಕ್ಕರೇ ಬೇಡ ಅನಿಸಿದರೆ ವಿಂಡೋಸ್ ಕೀ, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿ. ಪರದೆಯ ಮೇಲೇ ಒಂದು ಕೀಬೋರ್ಡ್ ಬರುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿದ್ದರೆ ಕನ್ನಡ ಅಕ್ಷರಗಳನ್ನೇ ತೋರಿಸುತ್ತದೆ, ಶಿಫ್ಟ್ ಒತ್ತಿದರೆ ಮೇಲಿನವನ್ನೂ.

ಪ್ರಶ್ನೆ: ಕನ್ನಡ, ಹಿಂದಿ ಎರಡೂ ಟೈಪ್ ಮಾಡಬೇಕು. ಒಂದೇ ಕೀ ಮೇಲೆ ಮೂರು ಭಾಷೆ ಅಂಟಿಸಿದರೆ ಕಣ್ಣು ಕತ್ತಲೆ ಬರುತ್ತೆ. ಏನು ಮಾಡಲಿ?

ಉತ್ತರ: ಹಿಂದಿ ಅಂಟಿಸಲೇಬೇಡಿ. ಇನ್‌ಸ್ಕ್ರಿಪ್ಟ್ ಮಾಡಿದ್ದೇ ಭಾರತದ ಲಿಪಿಗಳಿಗೆಲ್ಲ ಒಂದೇ ಜೋಡಣೆ ಇರಲಿ ಎಂದು. ಅದು 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನದಂಡಕ್ಕೂ ಸೇರಿತು. ಕನ್ನಡದ ಕ ಇರುವ ಕೀ ಮೇಲೇ ಹಿಂದಿಯ ಕ, ತೆಲುಗಿನ ಕ ಕೂಡ. ಕನ್ನಡ ಸ್ಟಿಕ್ಕರ್ ನೋಡಿಕೊಂಡೇ ಹಿಂದಿ ಬರೆಯಬಹುದು.

ಪ್ರಶ್ನೆ: ಕನ್ನಡ ಕೀಬೋರ್ಡ್ ಸೇರಿಸಿದ ಮೇಲೆ ಪಾಸ್‌ವರ್ಡ್ ತಗೊಳ್ತಾನೇ ಇಲ್ಲ!

ಉತ್ತರ: ಚುಕ್ಕೆಗಳ ಹಿಂದೆ ನೀವು ಕನ್ನಡದಲ್ಲಿ ಬರೆಯುತ್ತಿದ್ದೀರಿ. ಪರದೆಯ ಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ, ಅದನ್ನು ಇಂಗ್ಲಿಷಿಗೆ ತಿರುಗಿಸಿ ಆಮೇಲೆ ಒತ್ತಿ.