ರೈಲು ಬಾರದೆ ಹೋದ ಊರು: ಕಾನ್ಸಾಸ್‌ನ ನಿಕೊಡೀಮಸ್

ನಿಮ್ಮ ಪ್ರಶ್ನೆ ಹೀಗಿದೆ: "ಅಮೆರಿಕ ಎಂದರೆ ನಮಗೆ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ಅಷ್ಟೇ. ಅಲ್ಲಿಯ ಹಳ್ಳಿಗಳು ಹೇಗಿರುತ್ತವೆ? ಯಾವುದಾದರೂ ಒಂದು ಸಣ್ಣ ಊರಿನ ಇತಿಹಾಸ, ಜನಜೀವನದ ಬಗ್ಗೆ ಹೇಳುವಿರಾ?"

ಅಷ್ಟು ದೊಡ್ಡ ದೇಶದ ಹಳ್ಳಿಗಳನ್ನೆಲ್ಲ ಒಂದೇ ಮಾತಿನಲ್ಲಿ ಹೇಳಲಾಗದು. ನಾನು ಕೆಲಸದ ನಿಮಿತ್ತ ಕಾನ್ಸಾಸ್ ರಾಜ್ಯದಲ್ಲಿ ಇರುವವನು. ಹಾಗಾಗಿ ಕಣ್ಣಾರೆ ಕಂಡ ಒಂದೇ ಊರಿನ ಬಗ್ಗೆ ಹೇಳುತ್ತೇನೆ. ಅದು ರಾಜ್ಯದ ವಾಯವ್ಯ ಭಾಗದಲ್ಲಿ, ಗ್ರಹಾಂ ಕೌಂಟಿಯಲ್ಲಿರುವ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ನಿಕೊಡೀಮಸ್. 2020ರ ಜನಗಣತಿಯ ಪ್ರಕಾರ ಅಲ್ಲಿ ಇದ್ದವರು 14 ಜನ. ನಗಬೇಡಿ, ಈ ಊರನ್ನು ಕಾಪಾಡಲು ಅಮೆರಿಕದ ಸಂಸತ್ತೇ ಕಾಯ್ದೆ ಮಾಡಿದೆ.

ಮೊದಲು ನೆಲದ ವಿಚಾರ. ನಿಕೊಡೀಮಸ್ ಇರುವುದು ಮಹಾ ಬಯಲಿನಲ್ಲಿ, 100ನೇ ಪಶ್ಚಿಮ ರೇಖಾಂಶಕ್ಕೆ ತುಸು ಪೂರ್ವಕ್ಕೆ. ಈ ರೇಖೆಯಿಂದ ಪಶ್ಚಿಮಕ್ಕೆ ಹೋದಂತೆಲ್ಲ ಮಳೆ ಕಡಿಮೆ, ಪೂರ್ವಕ್ಕೆ ಬಂದಂತೆಲ್ಲ ಹೆಚ್ಚು. ಇಲ್ಲಿ ವರ್ಷಕ್ಕೆ 500ರಿಂದ 600 ಮಿ.ಮೀ. ಆಗುತ್ತದೆ, ಹೆಚ್ಚುಕಡಿಮೆ ನಮ್ಮ ವಿಜಯಪುರ ಜಿಲ್ಲೆಯಷ್ಟೇ. ಬೆಳೆಯೂ ದೂರದ್ದಲ್ಲ: ಗೋಧಿ ಮತ್ತು ಜೋಳ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಕಾನ್ಸಾಸ್. ಕೆಂಪು ತೆನೆಯ ಗಿಡ್ಡ ತಳಿ. ರೊಟ್ಟಿಗಲ್ಲ, ಹೆಚ್ಚಾಗಿ ದನಗಳ ಮೇವಿಗೆ ಮತ್ತು ಎಥೆನಾಲ್‌ಗೆ ಹೋಗುತ್ತದೆ. ಜೋಳದ ನಾಡಿನಿಂದ ಹೋದವನಿಗೆ ಇದೊಂದು ಸಂಕಟವೇ. ಹಳ್ಳಿಗಾಡಿನ ರಸ್ತೆಗಳು ಹೆಚ್ಚಾಗಿ ಮೈಲಿಗೊಂದರಂತೆ ನೇರ ಗೆರೆ ಎಳೆದ ಹಾಗೆ ಒಂದನ್ನೊಂದು ಕತ್ತರಿಸುತ್ತವೆ. ಒಂದು ಚದರ ಮೈಲಿ ಎಂದರೆ 640 ಎಕರೆ, ಅದರ ಕಾಲು ಭಾಗ 160 ಎಕರೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಡಿ, ಐದು ವರ್ಷ ನೆಲೆ ನಿಂತು ಉತ್ತವನಿಗೆ ಸರ್ಕಾರ ಕೊಡುತ್ತಿದ್ದದ್ದು ಇಂಥ 160 ಎಕರೆಯನ್ನು. ಈ "ಪುಕ್ಕಟೆ" ಭೂಮಿ ಮೂಲನಿವಾಸಿಗಳನ್ನು ಒಕ್ಕಲೆಬ್ಬಿಸಿ ತೆರವು ಮಾಡಿದ್ದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

1877ರಲ್ಲಿ ಡಬ್ಲ್ಯೂ. ಆರ್. ಹಿಲ್ ಎಂಬ ಬಿಳಿಯ ಭೂ ವ್ಯಾಪಾರಿ ಮತ್ತು ಡಬ್ಲ್ಯೂ. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿ ಸೇರಿ ಊರು ಕಟ್ಟುವ ಕಂಪನಿಯೊಂದನ್ನು ಶುರು ಮಾಡಿದರು. ಗಿರಾಕಿಗಳು ಕೆಂಟಕಿಯ ಕಪ್ಪು ಜನ. ಗುಲಾಮಗಿರಿ ಕಾನೂನಿನಿಂದ ಅಳಿದು ಆಗಿನ್ನೂ ಹನ್ನೆರಡು ವರ್ಷ. ಸ್ವಂತ ಭೂಮಿ ಇಲ್ಲ, ಸುತ್ತ ಬಿಳಿಯರ ಹಗೆತನ. ಕರಪತ್ರಗಳಲ್ಲಿ ಬಣ್ಣಿಸಿದ ಫಲವತ್ತಾದ ನೆಲ ಅವರನ್ನು ಸೆಳೆಯದೆ ಇರುತ್ತದೆಯೇ? ಸೆಪ್ಟೆಂಬರಿನಲ್ಲಿ 300ಕ್ಕೂ ಹೆಚ್ಚು ಜನ ಎಲ್ಲಿಸ್ ಎಂಬಲ್ಲಿ ರೈಲಿಳಿದು, ಅಲ್ಲಿಂದ ಸುಮಾರು 50 ಕಿ.ಮೀ. ಬಯಲು ದಾಟಿ ಬಂದರು. ಬಂದು ನೋಡಿದರೆ ಊರೇ ಇಲ್ಲ. ಮನೆ ಕಟ್ಟಲು ಮರವಿಲ್ಲ. ಮೊದಲು ಬಂದ ಕೆಲವರು ನೆಲ ತೋಡಿ ಒಳಗೆ ಬದುಕುತ್ತಿದ್ದರು. ನಮ್ಮ ಉತ್ತರ ಕರ್ನಾಟಕದಲ್ಲಿ ಕಾಳು ತುಂಬಿಡುತ್ತಿದ್ದ ಹಗೇವನ್ನು ನೆನಪಿಸಿಕೊಳ್ಳಿ, ಅದರೊಳಗೊಂದು ಸಂಸಾರ. ಹಿಲ್ ಮೇಲೆ ಜನ ಕೆಂಡವಾದರು. ಎಷ್ಟೋ ಕುಟುಂಬಗಳು ಬಂದ ದಾರಿಯಲ್ಲೇ ಹಿಂತಿರುಗಿದವು.

ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಮಹಿಳೆಯ ನೆನಪು ದಾಖಲಾಗಿದೆ. ಜೊತೆಯವರು "ಅಗೋ ನಿಕೊಡೀಮಸ್" ಎಂದು ಕೂಗಿದರಂತೆ. ಆಕೆ ಎಷ್ಟು ಕಣ್ಣರಳಿಸಿದರೂ ಏನೂ ಕಾಣಲಿಲ್ಲ. ನೆಲದೊಳಗಿಂದ ಅಲ್ಲಲ್ಲಿ ಏಳುತ್ತಿದ್ದ ಹೊಗೆಯನ್ನು ಗಂಡ ತೋರಿಸಿ, ಊರು ಅದೇ ಎಂದಾಗ ಆಕೆ ಅತ್ತುಬಿಟ್ಟಳು. ಆದರೂ ಅಲ್ಲೇ ನಿಂತಳು.

ಮೊದಲ ಚಳಿಗಾಲವನ್ನು ದಾಟಿಸಿದ್ದು ಸರ್ಕಾರವಲ್ಲ. ಬೇಟೆ ಮುಗಿಸಿ ಹಿಂತಿರುಗುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಪಾಲಿನ ಮಾಂಸ ಕೊಟ್ಟರು ಎಂದು ಆ ಊರಿನ ಮನೆತನಗಳು ಇಂದಿಗೂ ಹೇಳುತ್ತವೆ. ಕುದುರೆಗಳು ಬೆರಳೆಣಿಕೆಯಷ್ಟೇ ಇದ್ದುದರಿಂದ ಮುಂದಿನ ವಸಂತದಲ್ಲಿ ಹಲವರು ಗುದ್ದಲಿ, ಸನಿಕೆಯಲ್ಲೇ ನೆಲ ಅಗೆದು ಬಿತ್ತಿದರು. ಆ ಬಯಲಿನ ಹುಲ್ಲಿನ ಬೇರು ನೇಗಿಲಿಗೇ ಜಗ್ಗುವಂಥದ್ದಲ್ಲ. ಸನಿಕೆಯಲ್ಲಿ ಅಗೆಯುವುದೆಂದರೆ ಏನೆಂದು ರೈತರಿಗೆ ನಾನು ವಿವರಿಸಬೇಕಿಲ್ಲ.

ಹತ್ತು ವರ್ಷದೊಳಗೆ ಅಲ್ಲಿ ಚರ್ಚುಗಳು, ಶಾಲೆ, ಅಂಗಡಿಗಳು, ಹೋಟೆಲ್, ಬ್ಯಾಂಕ್, ಬೇಸ್‌ಬಾಲ್ ತಂಡ, ಎರಡು ಪತ್ರಿಕೆಗಳು ಹುಟ್ಟಿಕೊಂಡವು. 1878ರಲ್ಲಿ ಇಲ್ಲಿಗೆ ಬಂದ ಎಡ್ವರ್ಡ್ ಮೆಕೇಬ್ 1882ರಲ್ಲಿ ಕಾನ್ಸಾಸ್ ರಾಜ್ಯದ ಲೆಕ್ಕಪರಿಶೋಧಕನಾಗಿ ಚುನಾಯಿತನಾದ. ನೆಲದೊಳಗಿನ ಮನೆಗಳಿಂದ ಐದು ವರ್ಷದಲ್ಲಿ ರಾಜ್ಯಮಟ್ಟದ ಹುದ್ದೆಗೆ!

ಇನ್ನು ರೈಲಿನ ಕಥೆ. ಆ ಕಾಲದ ಬಯಲಿನಲ್ಲಿ ಊರಿನ ಹಣೆಬರಹ ಬರೆಯುತ್ತಿದ್ದದ್ದು ರೈಲು ಕಂಪನಿಗಳು. ಗೋಧಿಯನ್ನು ಮಾರುಕಟ್ಟೆಗೆ ಸಾಗಿಸಲು ಬೇರೆ ದಾರಿ ಇರಲಿಲ್ಲ. ಆದ್ದರಿಂದ ಊರುಗಳು ಕಂಪನಿಗಳನ್ನು ಓಲೈಸಲು ಸಾಲಪತ್ರ ಹೊರಡಿಸಿ ಹಣ ಕೊಡುತ್ತಿದ್ದವು. ಇದು ಕಾನೂನುಬದ್ಧ ಲಂಚ ಎಂಬುದು ನನ್ನ ಅಭಿಪ್ರಾಯ. 1887ರಲ್ಲಿ ನಿಕೊಡೀಮಸ್‌ನ ಜನ ಮಿಸೌರಿ ಪೆಸಿಫಿಕ್ ಕಂಪನಿಗೆ 16,000 ಡಾಲರ್ ಕೊಡಲು ಮತ ಹಾಕಿದರು. ಅದು ಬರಲಿಲ್ಲ. 1888ರಲ್ಲಿ ಯೂನಿಯನ್ ಪೆಸಿಫಿಕ್ ಬಂದಿತು, ಆದರೆ ಸಾಲೊಮನ್ ನದಿಯ ಆಚೆ ದಡದಲ್ಲಿ, ಕೆಲವೇ ಮೈಲಿ ದೂರದಲ್ಲಿ ಹಳಿ ಹಾಕಿತು. ಅಲ್ಲಿ ಬೋಗ್ ಎಂಬ ಹೊಸ ಊರು ಎದ್ದಿತು. ನಿಕೊಡೀಮಸ್‌ನ ವ್ಯಾಪಾರಿಗಳು ಒಬ್ಬೊಬ್ಬರಾಗಿ ಅಂಗಡಿ ಎತ್ತಿಕೊಂಡು ಅಲ್ಲಿಗೆ ಹೋದರು. ಪತ್ರಿಕೆಗಳೂ ನಿಂತವು. ಹೀಗೆ ಸೊರಗಿದ ಬಿಳಿಯರ ಊರುಗಳೂ ಆ ಬಯಲಿನಲ್ಲಿ ಎಷ್ಟೋ ಇವೆ. ಆದರೆ ಅವುಗಳಲ್ಲಿ ಬಹಳಷ್ಟು ಹೆಸರಿಲ್ಲದೆ ಅಳಿದವು, ಇದು ಅಳಿಯಲಿಲ್ಲ.

ಏಕೆಂದರೆ ರೈತರು ಹೊಲ ಬಿಡಲಿಲ್ಲ. ಅಂಗಡಿಯವರು ಹೋದ ಮೇಲೂ ಮುಂದಿನ ನಲವತ್ತು ವರ್ಷ ಚರ್ಚು, ಶಾಲೆ ನಡೆದವು. ನಿಜವಾದ ಪೆಟ್ಟು ಬಿದ್ದದ್ದು 1930ರ ದಶಕದ ಬರ ಮತ್ತು ಧೂಳಿನ ಬಿರುಗಾಳಿಯಿಂದ. ಮಕ್ಕಳು ನಗರ ಸೇರಿದರು. 1953ರಲ್ಲಿ ಅಂಚೆ ಕಚೇರಿ ಮುಚ್ಚಿತು, ಕೆಲವು ವರ್ಷಗಳಲ್ಲಿ ಶಾಲೆಯೂ. 1996ರಲ್ಲಿ ಸಂಸತ್ತು ಊರನ್ನು ರಾಷ್ಟ್ರೀಯ ಐತಿಹಾಸಿಕ ತಾಣವನ್ನಾಗಿ ಮಾಡಿತು. ಈಗ ಅಲ್ಲಿ ಉಳಿದಿರುವ ಐದು ಹಳೆಯ ಕಟ್ಟಡಗಳಲ್ಲಿ ಎರಡು ಚರ್ಚುಗಳು, ಶಾಲೆ, ಹೋಟೆಲ್ ಆಗಿದ್ದ ಒಂದು ಮನೆ, ಮತ್ತು ಸುಣ್ಣದ ಕಲ್ಲಿನ ಊರ ಸಭಾಭವನ ಸೇರಿವೆ.

ಜನರ ಬಗ್ಗೆ ಕೇಳಿದ್ದೀರಿ. 14 ಎಂಬ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಪ್ರತಿ ಜುಲೈ ಕೊನೆಯ ವಾರಾಂತ್ಯದಲ್ಲಿ ಡೆನ್ವರ್, ಕಾನ್ಸಾಸ್ ಸಿಟಿ, ಕ್ಯಾಲಿಫೋರ್ನಿಯಾಗಳಿಂದ ಆ ಮನೆತನಗಳವರು ನೂರಾರು ಸಂಖ್ಯೆಯಲ್ಲಿ ಬಂದು ಸೇರುತ್ತಾರೆ. ಮೆರವಣಿಗೆ, ಭರ್ಜರಿ ಊಟ, ಪ್ರಾರ್ಥನೆ, ಹಾಡು, ಥೇಟ್ ಊರಹಬ್ಬ. ಇದರ ಮೂಲ ಅಮೆರಿಕದ ಬಿಡುಗಡೆಯ ದಿನವಲ್ಲ. ವೆಸ್ಟ್ ಇಂಡೀಸ್‌ನ ಗುಲಾಮರಿಗೆ 1834ರ ಆಗಸ್ಟ್ 1ರಂದು ಸಿಕ್ಕ ಬಿಡುಗಡೆಯನ್ನು ಇಲ್ಲಿಯ ಹಿರಿಯರು ಆಚರಿಸುತ್ತಿದ್ದರು. ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಡಿದ ವೆರಿಲ್ ಸ್ವಿಟ್ಜರ್ ಹುಟ್ಟಿದ್ದು ಈ ಊರಿನಲ್ಲೇ. ಆ ಮನೆತನದವರೂ ಸೇರಿದಂತೆ ಮೊದಲ ವಲಸಿಗರ ವಂಶದವರಲ್ಲಿ ಕೆಲವರು ಈಚಿನವರೆಗೂ ಅಲ್ಲಿ ಗೋಧಿ ಬೆಳೆಯುತ್ತಿದ್ದರು.

ನೀವು ಎಂದಾದರೂ ಹೋಗುವುದಾದರೆ ಹಬ್ಬಕ್ಕೇ ಹೋಗಿ. ಬೇರೆ ದಿನಗಳಲ್ಲಿ ಬುತ್ತಿ ಕಟ್ಟಿಕೊಂಡು, ಕಾರಿಗೆ ಪೆಟ್ರೋಲ್ ತುಂಬಿಸಿಕೊಂಡೇ ಹೊರಡಿ. ಊಟ, ವಸತಿಗೆ ಹೆದ್ದಾರಿ 24ರಲ್ಲಿ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದ ಕೌಂಟಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಅದರ ಹೆಸರು ಹಿಲ್ ಸಿಟಿ. ಹೌದು, ಅದೇ ಭೂ ವ್ಯಾಪಾರಿಯ ಹೆಸರೇ.