ಉತ್ತರ ಮೈನಸ್ ಬಂದರೆ ಲೆಕ್ಕ ತಪ್ಪೇ?

ಪ್ರಶ್ನೆ: ಸರ್ಕಿಟ್‌ನ ಎಡ ಶಾಖೆಯಲ್ಲಿ 12 ವೋಲ್ಟ್ ಬ್ಯಾಟರಿ ಮತ್ತು 2 ಓಮ್, ಬಲ ಶಾಖೆಯಲ್ಲಿ 6 ವೋಲ್ಟ್ ಬ್ಯಾಟರಿ ಮತ್ತು 4 ಓಮ್, ನಡುವಿನ ಶಾಖೆಯಲ್ಲಿ 12 ಓಮ್. ಎರಡೂ ಬ್ಯಾಟರಿಗಳ ಪ್ಲಸ್ ಮೇಲಕ್ಕಿದೆ. 6 ವೋಲ್ಟ್ ಬ್ಯಾಟರಿಯ ಕರೆಂಟ್ ಮೂರು ಸಲ ಮಾಡಿದರೂ ಮೈನಸ್ 0.75 ಆಂಪಿಯರ್ ಎಂದೇ ಬರುತ್ತಿದೆ. ಎಲ್ಲಿ ತಪ್ಪಿದ್ದೇನೆ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎಲ್ಲೂ ತಪ್ಪಿಲ್ಲ. ಹೆಜ್ಜೆ ಹೆಜ್ಜೆಯಾಗಿ ನೋಡೋಣ.

12 ವೋಲ್ಟ್ ಬ್ಯಾಟರಿಯಿಂದ ಮೇಲಕ್ಕೆ ಹೊರಡುವ ಕರೆಂಟ್ 'ಕ', 6 ವೋಲ್ಟ್ ಬ್ಯಾಟರಿಯಿಂದ ಹೊರಡುವುದು 'ಗ' ಎನ್ನಿ. ಎರಡೂ ಮೇಲಿನ ಜಂಕ್ಷನ್‌ನಲ್ಲಿ ಸೇರಿ 12 ಓಮ್‌ನಲ್ಲಿ ಕ + ಗ ಆಗಿ ಕೆಳಗಿಳಿಯುತ್ತವೆ. ಈಗ ಒಂದೊಂದು ಲೂಪನ್ನೂ ಪೂರ್ತಿ ಒಂದು ಸುತ್ತು ಹಾಕಿ. ಬ್ಯಾಟರಿಯನ್ನು ಮೈನಸ್‌ನಿಂದ ಪ್ಲಸ್‌ಗೆ ದಾಟಿದರೆ ವೋಲ್ಟೇಜ್ ಕೂಡಿಸಿ. ರೆಸಿಸ್ಟರನ್ನು ಕರೆಂಟಿನ ಜೊತೆಗೇ ದಾಟಿದರೆ ಕಳೆಯಿರಿ, ಎದುರಾಗಿ ದಾಟಿದರೆ ಕೂಡಿಸಿ. ಹೊರಟಲ್ಲಿಗೇ ಮರಳಿದಾಗ ಮೊತ್ತ ಸೊನ್ನೆ.

ಎಡ ಲೂಪ್: 12 – 2ಕ – 12(ಕ + ಗ) = 0, ಅಂದರೆ 7ಕ + 6ಗ = 6
ಬಲ ಲೂಪ್: 6 – 4ಗ – 12(ಕ + ಗ) = 0, ಅಂದರೆ 6ಕ + 8ಗ = 3

ಬಿಡಿಸಿದರೆ ಕ = 1.5, ಗ = –0.75. ನಡುವಿನ ಶಾಖೆಯಲ್ಲಿ 0.75 ಆಂಪಿಯರ್.

ಕರೆಂಟಿನ ದಿಕ್ಕು ತೋರಿಸಲು ಚಿತ್ರದಲ್ಲಿ ಹಾಕುವ ಬಾಣದ ಗುರುತು ನಮ್ಮ ಊಹೆಯಷ್ಟೇ. ಊಹೆ ತಲೆಕೆಳಗಾಗಿದ್ದರೆ ಅದನ್ನು ಮೈನಸ್ ಹೇಳುತ್ತದೆ. ಇಲ್ಲಿ 6 ವೋಲ್ಟ್ ಬ್ಯಾಟರಿ ಕರೆಂಟ್ ಕೊಡುತ್ತಿಲ್ಲ, ಚಾರ್ಜ್ ಆಗುತ್ತಿದೆ. ಬೇಕಿದ್ದರೆ ವಾಟ್ ಲೆಕ್ಕ ಹಾಕಿ: 12 ವೋಲ್ಟ್ ಬ್ಯಾಟರಿ ಕೊಡುವುದು 18 ವಾಟ್. ರೆಸಿಸ್ಟರ್‌ಗಳಲ್ಲಿ 4.5, 2.25, 6.75 ವಾಟ್ ಶಾಖವಾಗಿ ಹೋಗುತ್ತದೆ, ಉಳಿದ 4.5 ವಾಟ್ 6 ವೋಲ್ಟ್ ಬ್ಯಾಟರಿಗೆ. ಪೈಸೆ ಪೈಸೆ ಹೊಂದಿತು.

ಅಂಕ ಹೋಗುವುದು ಮೈನಸ್ ಬಂದದ್ದಕ್ಕಲ್ಲ, ಬಂದ ಮೇಲೆ ಗಾಬರಿಯಾಗಿ ಚಿತ್ರದಲ್ಲಿ ಬಾಣ ತಿರುಗಿಸಿ, ಸಮೀಕರಣವನ್ನು ಹಳೆಯದೇ ಇಟ್ಟುಕೊಂಡಾಗ. ಬಾಣ ಮುಟ್ಟಬೇಡಿ, ಬಂದ ಬೆಲೆಯನ್ನು ಮೈನಸ್ ಸಮೇತ ಸಮೀಕರಣದಲ್ಲಿ ಆದೇಶಿಸಿ, ದಿಕ್ಕನ್ನು ಕೊನೆಯಲ್ಲಿ ಬರೆಯಿರಿ.

ಪ್ರಶ್ನೆ: ಇಂಥ ಸರ್ಕಿಟ್‌ನಲ್ಲಿ ಹೊರಗಿನ ದೊಡ್ಡ ಲೂಪನ್ನೂ ಸೇರಿಸಿ ಮೂರು ಸಮೀಕರಣ ಬರೆದೆ. ಕೊನೆಗೆ 0 = 0 ಬಂತು.
– ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು

ಉತ್ತರ: ಎಡ ಲೂಪಿನಿಂದ ಬಲ ಲೂಪನ್ನು ಕಳೆದರೆ ಸಿಗುವುದೇ ಹೊರಗಿನ ಲೂಪ್. ಹೊಸ ಮಾಹಿತಿ ಅದರಲ್ಲಿಲ್ಲ. ಶಾಖೆಗಳಿಂದ ಜಂಕ್ಷನ್‌ಗಳನ್ನು ಕಳೆದು ಒಂದು ಕೂಡಿಸಿ: 3 – 2 + 1 = 2 ಲೂಪ್ ಸಾಕು. ಮೂರನೆಯದನ್ನು ತಾಳೆ ನೋಡಲು ಇಟ್ಟುಕೊಳ್ಳಿ.

ಪ್ರಶ್ನೆ: ಮೇಲಿನಂಥ ಸರ್ಕಿಟ್ಟನ್ನೇ ಬ್ರೆಡ್‌ಬೋರ್ಡ್ ಮೇಲೆ ಮಕ್ಕಳಿಗೆ ತೋರಿಸಬಹುದೇ?
– ಪ್ರೌಢಶಾಲಾ ಶಿಕ್ಷಕರು, ಸಾಗರ

ಉತ್ತರ: ಓಮ್‌ಗಳಲ್ಲಿ ಬೇಡ. ನಡುವಿನ ರೆಸಿಸ್ಟರ್ ಮೇಲೆ 6.75 ವಾಟ್ ಬೀಳುತ್ತದೆ, ಕಾಲು ವಾಟಿನದು ಹೊಗೆಯಾಡುತ್ತದೆ. ರೆಸಿಸ್ಟರ್‌ಗಳೆಲ್ಲವನ್ನೂ ಸಾವಿರ ಪಟ್ಟು ಮಾಡಿ: 2 ಕಿಲೋ ಓಮ್, 4 ಕಿಲೋ ಓಮ್, 12 ಕಿಲೋ ಓಮ್. ಇವುಗಳಲ್ಲಿ 4 ಕಿಲೋ ಓಮ್‌ನದು ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗದು, ಎರಡು 2 ಕಿಲೋ ಓಮ್‌ಗಳನ್ನು ಸರಣಿಯಲ್ಲಿ ಜೋಡಿಸಿ. ಕರೆಂಟ್‌ಗಳು 1.5 ಮತ್ತು 0.75 ಮಿಲಿಆಂಪಿಯರ್ ಆಗುತ್ತವೆ. ಕರೆಂಟ್ ಅಳೆಯುವ ಬದಲು ಪ್ರತಿ ರೆಸಿಸ್ಟರ್ ಅಡ್ಡಲಾಗಿ ವೋಲ್ಟೇಜ್ ಅಳೆಯುವುದು ಸುಲಭ: 2, 4 (ಜೋಡಿಗೆ ಒಟ್ಟಾಗಿ), 12 ಕಿಲೋ ಓಮ್‌ಗಳಿಗೆ ಕ್ರಮವಾಗಿ 3, 3, 9 ವೋಲ್ಟ್. ಚಿನ್ನದ ಪಟ್ಟಿಯ ರೆಸಿಸ್ಟರ್‌ನಲ್ಲಿ ಶೇ 5ರಷ್ಟು ಏರುಪೇರು ಸಹಜ.

6 ವೋಲ್ಟಿಗೆ ಅಡಾಪ್ಟರ್ ಬಳಸಬೇಡಿ. ಎಷ್ಟೋ ಅಡಾಪ್ಟರ್‌ಗಳು ಕರೆಂಟ್ ಕೊಡಬಲ್ಲವು, ಒಳಗೆ ಎಳೆದುಕೊಳ್ಳಲಾರವು. ಅದರ ವೋಲ್ಟೇಜ್ 6ನ್ನು ದಾಟಿ ಏರಬಹುದು, ಆಗ ನಿಮ್ಮ ಲೆಕ್ಕ ಸರಿಯಿದ್ದರೂ ಮೀಟರ್ ಒಪ್ಪುವುದಿಲ್ಲ. 1.2 ವೋಲ್ಟಿನ ಐದು ರೀಚಾರ್ಜಬಲ್ ಸೆಲ್‌ಗಳನ್ನು ಸಾಲಾಗಿ ಹಾಕಿ, ಮೊದಲು ಅವುಗಳ ವೋಲ್ಟೇಜನ್ನು ಅಳೆದು, ಆ ಅಂಕಿಯನ್ನೇ ಸಮೀಕರಣದಲ್ಲಿ ಬರೆಯಿರಿ.